ಲ್ಯಾಕ್ಸ್‌ಟನ್ ಹಳ್ಳಿಯ ಚರಿತ್ರೆ: ಹೊಲದಿಂದ ಕಡತಕ್ಕೆ ಹೋಗುವ ದಾರಿ

ಇಂಗ್ಲೆಂಡಿನ ಹಳ್ಳಿಯೊಂದರ ಚರಿತ್ರೆ ಬರೆಯಹೊರಟವರಲ್ಲಿ ಹೆಚ್ಚಿನವರು 1086ರ ಡೂಮ್ಸ್‌ಡೇ ಎಂಬ ಭೂಆಸ್ತಿ ದಾಖಲೆಯಿಂದ ಶುರು ಮಾಡುತ್ತಾರೆ. ಅಲ್ಲಿ ನಾಲ್ಕು ಸಾಲು ಸಿಗುತ್ತದೆ. ಆಮೇಲೆ ಬರುವುದು ನೂರಾರು ವರ್ಷಗಳ ಲ್ಯಾಟಿನ್ ಕಡತ. ಒಂದು ಹೆಸರಿಗೂ ಇನ್ನೊಂದಕ್ಕೂ ಏನು ಸಂಬಂಧ ಎಂದು ಗೊತ್ತಾಗದೆ ಕೆಲಸ ಅಲ್ಲೇ ಕೂತುಬಿಡುತ್ತದೆ. ನಾನು ಹಿಡಿದಿರುವುದು ಇದಕ್ಕೆ ತದ್ವಿರುದ್ಧ ದಾರಿ. ಇವತ್ತಿನ ಹೊಲ, ಬೀದಿ, ಬದುಗಳಿಂದ ಹೊರಟು ಒಂದೊಂದೇ ನಕ್ಷೆ ಹಿಂದಕ್ಕೆ ಹೋಗುತ್ತೇನೆ. ಸಿಕ್ಕ ಪ್ರತಿ ಕಾಗದವನ್ನೂ ಯಾವುದಾದರೂ ಒಂದು ತುಂಡು ನೆಲಕ್ಕೆ ಕಟ್ಟುತ್ತೇನೆ. ಕಟ್ಟಲು ಬಾರದ್ದನ್ನು ಬಿಸಾಡುವುದಿಲ್ಲ, ಆದರೆ ಮುಖ್ಯ ಹಾಳೆಗೆ ಸೇರಿಸುವುದೂ ಇಲ್ಲ.

ಈ ಕ್ರಮಕ್ಕೆ ಹೇಳಿ ಮಾಡಿಸಿದ ಹಳ್ಳಿ ನಾಟಿಂಗ್‌ಹ್ಯಾಮ್‌ಶೈರಿನ ಲ್ಯಾಕ್ಸ್‌ಟನ್. ಓಲರ್ಟನ್ ಮತ್ತು ಟಕ್ಸ್‌ಫರ್ಡ್ ಪೇಟೆಗಳ ನಡುವೆ, ಕೆಂಪು ಜೇಡಿ ಮಣ್ಣಿನ ಏರುತಗ್ಗಿನ ಮೇಲಿದೆ. ಒಂದು ಚರ್ಚು, ಒಂದು ಪಬ್ಬು, ಬೀದಿಗೆ ಅಂಟಿಕೊಂಡ ಇಟ್ಟಿಗೆಯ ರೈತರ ಮನೆಗಳು, ಕೆಲವು ನೂರು ಜನ. ಬೇಲಿಯಿಲ್ಲದ ದೊಡ್ಡ ಹೊಲದಲ್ಲಿ ಒಬ್ಬೊಬ್ಬ ರೈತನಿಗೆ ಅಲ್ಲಲ್ಲಿ ಉದ್ದನೆಯ ನೆಲದ ಪಟ್ಟಿ ಇರುವ ಮಧ್ಯಯುಗದ ತೆರೆದ ಹೊಲ ಪದ್ಧತಿ, ಅದನ್ನು ನಡೆಸುವ ಹಳ್ಳಿಯ ಕೋರ್ಟಿನ ಸಮೇತ, ಇವತ್ತಿಗೂ ಇಲ್ಲಿ ನಡೆಯುತ್ತಿದೆ. ಇಂಗ್ಲೆಂಡಿನ ಉಳಿದ ಹೆಚ್ಚಿನ ಹಳ್ಳಿಗಳಲ್ಲಿ ಹದಿನೆಂಟು–ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಪಾರ್ಲಿಮೆಂಟಿನ ಕಾಯ್ದೆಗಳಿಂದಲೋ ಖಾಸಗಿ ಒಪ್ಪಂದಗಳಿಂದಲೋ ಹೊಲಗಳಿಗೆ ಬೇಲಿ ಬಿತ್ತು, ಚದುರಿದ ಪಟ್ಟಿಗಳು ಒಟ್ಟಾದವು, ರೈತರು ಊರು ಬಿಟ್ಟು ತಮ್ಮ ಹೊಲದ ನಡುವೆ ಮನೆ ಕಟ್ಟಿಕೊಂಡರು. ಲ್ಯಾಕ್ಸ್‌ಟನ್‌ನಲ್ಲಿ ಪಶ್ಚಿಮ ಹೊಲ, ಗಿರಣಿ ಹೊಲ, ದಕ್ಷಿಣ ಹೊಲ ಎಂಬ ಮೂರು ದೊಡ್ಡ ಬಯಲುಗಳು ಬೇಲಿಯಿಲ್ಲದೆ ಉಳಿದಿವೆ. ಒಬ್ಬೊಬ್ಬ ರೈತನ ಪಟ್ಟಿಗಳು ಮೂರರಲ್ಲೂ ಹಂಚಿಹೋಗಿರುವುದರಿಂದ ಯಾವ ಹೊಲದ ನಡುವೆ ಮನೆ ಕಟ್ಟಿದರೂ ಉಳಿದೆರಡು ದೂರವಾಗುತ್ತವೆ. ಮನೆಗಳೆಲ್ಲ ಬೀದಿಯಲ್ಲೇ ಉಳಿದದ್ದು ಅದಕ್ಕೇ.

ಇನ್ನೊಂದು ಅನುಕೂಲ 1635ರ ನಕ್ಷೆ. ಆಗ ಊರಿನ ಒಡೆಯನಾಗಿದ್ದ ಲಂಡನ್ ವರ್ತಕ ಸರ್ ವಿಲಿಯಂ ಕೋರ್ಟೀನ್ ತನ್ನ ಆಸ್ತಿ ಅಳೆಸಿದ. ಅಳೆದವನು ಮಾರ್ಕ್ ಪಿಯರ್ಸ್. ನಕ್ಷೆಯ ಜೊತೆಗೆ ಪಟ್ಟಿ ಪಟ್ಟಿಯ ವಿಸ್ತೀರ್ಣ ಬರೆದ ಸರ್ವೆ ಪುಸ್ತಕವೂ ಇದೆ. ನಕ್ಷೆಯ ಮೂಲ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಉಳುವವರು, ಕೊಯ್ಯುವವರು, ಬೇಟೆಗಾರರು, ದನಕರು ಎಲ್ಲವನ್ನೂ ಅದರಲ್ಲಿ ಸಣ್ಣ ಸಣ್ಣ ಚಿತ್ರಗಳಾಗಿ ಬಿಡಿಸಿದ್ದಾರೆ. ನೋಡಲು ಚಂದ, ಆದರೆ ನಮಗೆ ಬೇಕಾದದ್ದು ಪಟ್ಟಿಗಳ ಅಂಚು ಮತ್ತು ನಂಬರು. ಬೇರೆ ಹಳ್ಳಿ ಹಿಡಿದವರಿಗೆ ಇಷ್ಟು ಹಳೆಯ, ಇಷ್ಟು ವಿವರವಾದ ನಕ್ಷೆ ಸಿಗುವುದು ಅಪರೂಪ. ಅವರಿಗೆ 1836ರ ಕಾಯ್ದೆಯಡಿ ತಯಾರಾದ ಟೈಥ್ ನಕ್ಷೆಯೇ ತಳಪಾಯ. ಚರ್ಚಿಗೆ ಕೊಡಬೇಕಿದ್ದ ಹತ್ತನೇ ಒಂದು ಪಾಲನ್ನು ನಗದಿಗೆ ಬದಲಿಸಲು ಮಾಡಿದ್ದು ಅದು. ನಂಬರು, ಒಡೆಯ, ಸಾಗುವಳಿದಾರ, ಹೊಲದ ಹೆಸರು, ಬೆಳೆ, ವಿಸ್ತೀರ್ಣ ಎಲ್ಲ ಕೋಷ್ಟಕದಲ್ಲೇ ಇರುತ್ತದೆ. ಅದಕ್ಕೂ ಮೊದಲೇ ಬೇಲಿ ಬಿದ್ದು, ಟೈಥ್‌ಗೆ ಬದಲಾಗಿ ಪಾದ್ರಿಗೆ ನೆಲ ಕೊಟ್ಟುಬಿಟ್ಟ ಊರುಗಳಲ್ಲಿ ಟೈಥ್ ನಕ್ಷೆ ಇರುವುದೇ ಇಲ್ಲ, ಅಥವಾ ಊರಿನ ಒಂದು ಮೂಲೆಗೆ ಮಾತ್ರ ಇರುತ್ತದೆ. ಸಿಗಲಿಲ್ಲವೆಂದರೆ ಕಳೆದುಹೋಗಿದೆ ಎಂದುಕೊಳ್ಳಬೇಡಿ, ಬೇಲಿ ಹಾಕಿದ ಕಾಯ್ದೆಯ ತೀರ್ಪಿನ ಪತ್ರ ಹುಡುಕಿ.

ಹುಡುಕಾಟಕ್ಕೆ ಮುಂಚೆ ಊರಿನ ಹೆಸರಿನ ಎಲ್ಲ ರೂಪಗಳನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಲ್ಯಾಕ್ಸ್‌ಟನ್ ಹಳೆಯ ಕಡತಗಳಲ್ಲಿ ಲ್ಯಾಕ್ಸಿಂಟೋನ್, ಲೆಕ್ಸಿಂಟನ್, ಲೆಕ್ಸಿಂಗ್ಟನ್ ಎಂದೆಲ್ಲ ಬರುತ್ತದೆ. ಲೆಕ್ಸಿಂಗ್ಟನ್ ಎಂದು ಹುಡುಕಿದರೆ ಅಮೆರಿಕದ ಊರುಗಳು ರಾಶಿ ಬೀಳುತ್ತವೆ. ಲ್ಯಾಕ್ಸ್‌ಟನ್ ಎಂದು ಹುಡುಕಿದರೆ ನಾರ್ಥಾಂಪ್ಟನ್‌ಶೈರಿನಲ್ಲೊಂದು, ಯಾರ್ಕ್‌ಶೈರಿನಲ್ಲೊಂದು ಅದೇ ಹೆಸರಿನ ಹಳ್ಳಿಯಿದೆ. ಆದ್ದರಿಂದ ಜಿಲ್ಲೆಯ ಹೆಸರಿಲ್ಲದ ಯಾವ ಉಲ್ಲೇಖವನ್ನೂ ಪೆನ್ಸಿಲ್‌ನಲ್ಲೇ ಬರೆಯುತ್ತೇನೆ, ಜಾಗ ಖಾತ್ರಿಯಾಗುವವರೆಗೆ. ಪ್ಯಾರಿಷ್ ಮತ್ತು ಮ್ಯಾನರ್ ಎರಡನ್ನೂ ಒಂದೇ ಎಂದು ತಿಳಿಯುವುದು ಮತ್ತೊಂದು ಎಡವಟ್ಟು. ಪ್ಯಾರಿಷ್ ಚರ್ಚಿನ ಗಡಿ, ಮ್ಯಾನರ್ ಒಡೆತನದ ಗಡಿ. ಒಂದು ಪ್ಯಾರಿಷ್‌ನಲ್ಲಿ ಎರಡು ಮೂರು ಮ್ಯಾನರ್ ಇರಬಹುದು, ಒಂದೇ ಮ್ಯಾನರ್ ಎರಡು ಪ್ಯಾರಿಷ್‌ಗೆ ಚಾಚಿರಬಹುದು. ಲ್ಯಾಕ್ಸ್‌ಟನ್ ಪ್ಯಾರಿಷ್‌ಗೆ ಮೂರ್‌ಹೌಸ್ ಎಂಬ ಪುಟ್ಟ ಊರೂ ಸೇರಿದೆ. ಅಲ್ಲಿಯವರ ಹೆಸರು ಚರ್ಚಿನ ದಫ್ತರದಲ್ಲಿ ಲ್ಯಾಕ್ಸ್‌ಟನ್‌ನವರ ಜೊತೆಯಲ್ಲೇ ಬೆರೆತಿರುತ್ತದೆ.

ನಕ್ಷೆಗಳನ್ನು ಒಂದರ ಮೇಲೊಂದು ಹಾಸುವುದು

ಕಂಪ್ಯೂಟರಿನಲ್ಲಿ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಸಾಕು. ಯೋಜನೆಯನ್ನು ಬ್ರಿಟಿಷ್ ರಾಷ್ಟ್ರೀಯ ಗ್ರಿಡ್‌ಗೆ, ಅಂದರೆ ಇಪಿಎಸ್‌ಜಿ 27700ಕ್ಕೆ, ಮೊದಲೇ ಕಟ್ಟಿಬಿಡಿ. ಆಮೇಲೆ ಬದಲಿಸಲು ಹೋದರೆ ಅಳತೆಗಳೆಲ್ಲ ಏರುಪೇರು. ಲ್ಯಾಕ್ಸ್‌ಟನ್ ಊರು ಎಸ್‌ಕೆ 72 67 ಚೌಕದಲ್ಲಿ ಬೀಳುತ್ತದೆ. ತಳಕ್ಕೆ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 25 ಇಂಚಿನ ಹಳೆಯ ನಕ್ಷೆ ಹಾಸುತ್ತೇನೆ. ಮೈಲಿಗೆ 25 ಇಂಚು ಎಂದರೆ ಸರಿಸುಮಾರು 1:2500, ಒಂದೊಂದು ಬೇಲಿ, ಬಾವಿ, ಕೊಟ್ಟಿಗೆಯೂ ಕಾಣುತ್ತದೆ. ಸ್ಕಾಟ್‌ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಇವನ್ನು ಉಚಿತವಾಗಿ ನೋಡಬಹುದು. ಹೆಸರು ಸ್ಕಾಟ್‌ಲೆಂಡಿನದಾದರೂ ಇಂಗ್ಲೆಂಡಿನ ಹಾಳೆಗಳೂ ಅಲ್ಲಿವೆ.

1635ರ ನಕ್ಷೆಯನ್ನು ನೇರವಾಗಿ ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕೂರಿಸಲು ಹೋಗಬೇಡಿ. ನಡುವೆ ನಾಲ್ಕು ಶತಮಾನದ ಬದಲಾವಣೆ ಇದೆ, ತಾಳೆ ಹಾಕಲು ಗುರುತೇ ಸಿಗುವುದಿಲ್ಲ. ಮೊದಲು 25 ಇಂಚಿನ ನಕ್ಷೆಯನ್ನು ಇಂದಿನದಕ್ಕೆ, ಆಮೇಲೆ ಹಳೆಯದನ್ನು 25 ಇಂಚಿನದಕ್ಕೆ. ಎರಡೂ ನಕ್ಷೆಯಲ್ಲಿ ಒಂದೇ ಜಾಗವೆಂದು ಗುರುತಿಸುವ ಕಟ್ಟುಬಿಂದುಗಳಿಗೆ ಜಾಗ ಬದಲಿಸದ ವಸ್ತುಗಳನ್ನೇ ಆರಿಸಬೇಕು: ಚರ್ಚಿನ ಗೋಪುರ, ಊರಿನ ಉತ್ತರಕ್ಕಿರುವ ಕೋಟೆಯ ಮಣ್ಣಿನ ದಿಬ್ಬ, ಬೀದಿ ಕೂಡುವ ಮೂಲೆಗಳು, ಪ್ಯಾರಿಷ್ ಗಡಿ ಚೂಪಾಗಿ ತಿರುಗುವ ಕಡೆ. ಗಾಳಿ ಗಿರಣಿ ಬೇಡ, ಅದನ್ನು ಕಿತ್ತು ಬೇರೆಡೆ ನಿಲ್ಲಿಸುತ್ತಿದ್ದರು. ಕೆರೆಕುಂಟೆಯ ಅಂಚೂ ಬೇಡ, ಹಳ್ಳವೂ ಬೇಡ. ಹನ್ನೆರಡು ಹದಿನೈದು ಬಿಂದು ಇದ್ದರೆ ಒಳ್ಳೆಯದು, ಆದರೆ ಎಲ್ಲವೂ ಊರಿನೊಳಗೇ ಗುಂಪಾಗಿದ್ದರೆ ಪ್ರಯೋಜನವಿಲ್ಲ. ಹೊರ ಅಂಚಿನ ಹೊಲಗಳು ಹತ್ತಾರು ಮೀಟರು ಜಾರಿಬಿಡುತ್ತವೆ. ಹಳೆಯ ನಕ್ಷೆಗಳ ಚರ್ಮದ ಹಾಳೆ ತೇವಕ್ಕೆ ಹಿಗ್ಗಿ ಒಣಗಿ ಕುಗ್ಗಿರುವುದರಿಂದ ಇಡೀ ನಕ್ಷೆಗೆ ಒಂದೇ ಸೂತ್ರ ಹೊಂದುವುದಿಲ್ಲ. ತಂತ್ರಾಂಶದಲ್ಲಿ ‘ಥಿನ್ ಪ್ಲೇಟ್ ಸ್ಪ್ಲೈನ್’ ಆರಿಸಿದರೆ ನಕ್ಷೆ ಬಿಂದುಗಳಿಗೆ ತಕ್ಕಂತೆ ಬಳುಕುತ್ತದೆ. ಇದರಲ್ಲೂ ಒಂದು ಮೋಸವಿದೆ. ಈ ವಿಧಾನದಲ್ಲಿ ಬಿಂದುಗಳ ದೋಷ ಯಾವಾಗಲೂ ಸೊನ್ನೆ ಎಂದೇ ತೋರಿಸುತ್ತದೆ, ನೀವು ತಪ್ಪು ಮೂಲೆ ಒತ್ತಿದ್ದರೂ ಸಹ. ಅದಕ್ಕೇ ಮೊದಲು ಸಾಧಾರಣ ಬಹುಪದ ಸೂತ್ರದಲ್ಲಿ ಓಡಿಸಿ, ದೋಷ ಅತಿಯಾಗಿರುವ ಬಿಂದುಗಳನ್ನು ಮತ್ತೆ ಪರಿಶೀಲಿಸಿ, ಆಮೇಲೆ ಸ್ಪ್ಲೈನ್‌ಗೆ ಹೋಗುವುದು.

ಇದರ ಮೇಲೆ ಲೈಡಾರ್ ಪದರ. ವಿಮಾನದಿಂದ ಲೇಸರ್ ಬಿಟ್ಟು ನೆಲದ ಎತ್ತರ ಅಳೆದ ಮಾಹಿತಿಯನ್ನು ಇಂಗ್ಲೆಂಡಿನ ಪರಿಸರ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಒಂದು ಮೀಟರ್ ವಿವರದ್ದು ಇಳಿಸಿಕೊಳ್ಳಿ, ಮರಗಿಡ ತೆಗೆದ ನೆಲದ ಮಾದರಿಯನ್ನೇ ಆರಿಸಿ. ಅದಕ್ಕೆ ಓರೆ ಬೆಳಕು ಬಿಟ್ಟು ನೆರಳು ಮೂಡಿಸಿದರೆ ಹುಲ್ಲುಗಾವಲುಗಳಲ್ಲಿ ಹಳೆಯ ಉಳುಮೆಯ ದಿಣ್ಣೆ–ತಗ್ಗು ಎದ್ದು ಕಾಣುತ್ತವೆ. ತಂತ್ರಾಂಶ ತಾನಾಗಿ ಬೆಳಕು ಬಿಡುವುದು ವಾಯವ್ಯದಿಂದ, 315 ಡಿಗ್ರಿಯಿಂದ. ವಾಯವ್ಯ–ಆಗ್ನೇಯ ದಿಕ್ಕಿಗೇ ಓಡುವ ದಿಣ್ಣೆಗಳಿಗೆ ಆಗ ನೆರಳೇ ಬೀಳುವುದಿಲ್ಲ, ಅಲ್ಲಿ ಏನೂ ಇಲ್ಲವೆಂದು ನೀವು ಬರೆದುಬಿಡುತ್ತೀರಿ. 45 ಡಿಗ್ರಿಯಿಂದ ಇನ್ನೊಂದು ಸಲ ಬೆಳಕು ಬಿಟ್ಟು ಎರಡನ್ನೂ ಪಕ್ಕಪಕ್ಕ ನೋಡಬೇಕು. ಬೆಳಕಿನ ಎತ್ತರ 45ರ ಬದಲು 30–35 ಡಿಗ್ರಿಗೆ ಇಳಿಸಿದರೆ ಸವೆದ ದಿಣ್ಣೆಗಳೂ ಹೊರಬರುತ್ತವೆ. ದಿಣ್ಣೆ ಅಗಲವಾಗಿದ್ದು, ತುದಿಯಲ್ಲಿ ಹಿಮ್ಮುಖ ಎಸ್ ಅಕ್ಷರದಂತೆ ಬಾಗಿದ್ದರೆ ಅದು ಎತ್ತಿನ ಕಾಲದ್ದು. ಎಂಟೆತ್ತಿನ ಉದ್ದ ಸಾಲನ್ನು ಹೊಲದ ತುದಿಯಲ್ಲಿ ತಿರುಗಿಸಲು ಮೊದಲೇ ಎಡಕ್ಕೆ ಎಳೆಯಬೇಕಿತ್ತು, ಆ ಬಾಗು ನೆಲದಲ್ಲಿ ಉಳಿಯಿತು. ಕಿರಿದಾಗಿ, ಗೆರೆ ಎಳೆದಂತೆ ನೆಟ್ಟಗಿದ್ದರೆ ಹತ್ತೊಂಬತ್ತನೇ ಶತಮಾನದ್ದೆಂದು ಅನುಮಾನಿಸಿ. ಈಗಲೂ ಉಳುವ ಹೊಲಗಳಲ್ಲಿ ಟ್ರ್ಯಾಕ್ಟರ್ ಎಲ್ಲವನ್ನೂ ಸಮ ಮಾಡಿರುತ್ತದೆ. ಆದ್ದರಿಂದ ಲೈಡಾರ್‌ನಲ್ಲಿ ಖಾಲಿ ಕಂಡ ಜಾಗ ಹಿಂದೆಯೂ ಖಾಲಿಯಿತ್ತು ಎಂದಲ್ಲ.

ಎಕರೆಯ ಲೆಕ್ಕ

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ತಾನಾಗಿ ಇದೆ. ಇಂಗ್ಲಿಷ್ ಸರ್ವೆ ಪುಸ್ತಕಗಳಲ್ಲಿ ವಿಸ್ತೀರ್ಣ ಎಕರೆ, ರೂಡ್, ಪರ್ಚ್ ಎಂದು ಮೂರು ಕಾಲಮ್ಮಿನಲ್ಲಿರುತ್ತದೆ. ಎಕರೆಗೆ 4 ರೂಡ್, ರೂಡ್‌ಗೆ 40 ಪರ್ಚ್. ನಮ್ಮ ಎಕರೆಗೆ 40 ಗುಂಟೆ. ಅಂದರೆ ಒಂದು ರೂಡ್ ಎಂದರೆ ಹತ್ತು ಗುಂಟೆ, ನಾಲ್ಕು ಪರ್ಚ್ ಎಂದರೆ ಒಂದು ಗುಂಟೆ. ಇದು ಕಾಕತಾಳೀಯವಲ್ಲ. ನಮ್ಮ ಗುಂಟೆ 33 ಅಡಿ ಚೌಕ, ಇಂಗ್ಲಿಷ್ ಸರ್ವೆಯರುಗಳ ಗಂಟರ್ ಸರಪಳಿ 66 ಅಡಿ. ಬ್ರಿಟಿಷರ ಕಾಲದ ಮುಂಬಯಿ ಸರ್ವೆ 33 ಅಡಿಯ, ಹದಿನಾರು ಆಣೆಯ ಸರಪಳಿ ಎಳೆದದ್ದು ಅದೇ ಲೆಕ್ಕದ ಅರ್ಧಕ್ಕೆ. ಪಹಣಿ ಓದಿ ಅಭ್ಯಾಸವಿದ್ದವರು ಲ್ಯಾಕ್ಸ್‌ಟನ್ ಸರ್ವೆಯ ಅಳತೆಯನ್ನು ಕಣ್ಣಲ್ಲೇ ಅಂದಾಜು ಮಾಡಬಹುದು.

ಆದರೂ ಕೋಷ್ಟಕದಲ್ಲಿ ಎಲ್ಲವನ್ನೂ ಪರ್ಚ್‌ಗೆ ಇಳಿಸಿಯೇ ಇಡಬೇಕು. ಎಕರೆಯನ್ನು 160ರಿಂದ, ರೂಡನ್ನು 40ರಿಂದ ಗುಣಿಸಿ ಪರ್ಚ್‌ಗೆ ಕೂಡಿಸಿ. 1 ಎಕರೆ 2 ರೂಡ್ 17 ಪರ್ಚ್ ಎಂದರೆ 257 ಪರ್ಚ್, ಅಂದರೆ 1 ಎಕರೆ 24 ಕಾಲು ಗುಂಟೆ. ದಾಖಲೆಯಲ್ಲಿ ಇದು 1.2.17 ಎಂದಿದ್ದರೆ ಅದನ್ನು ದಶಮಾಂಶವೆಂದು ತುಂಬಿಬಿಡುವುದು ಹೊಸಬರೆಲ್ಲರ ತಪ್ಪು. ಹಾಗೆ ತುಂಬಿದ ಹಾಳೆಯ ಮೊತ್ತ ಮೂಲದ ಪುಟದ ಕೆಳಗಿನ ಮೊತ್ತಕ್ಕೆ ಎಂದೂ ಕೂಡುವುದಿಲ್ಲ. ಪುಟದ ಮೊತ್ತ ಇದ್ದಾಗ ಪ್ರತಿ ಪುಟಕ್ಕೂ ತಾಳೆ ನೋಡಿ. 40 ಪರ್ಚ್‌ನ ಅಂತರ ಬಂದರೆ ರೂಡ್ ಕಾಲಮ್ಮಿನಲ್ಲಿ ಒಂದಂಕಿ ತಪ್ಪಿದೆ, 160 ಬಂದರೆ ಎಕರೆಯಲ್ಲಿ. ಪಿಯರ್ಸ್‌ನಂಥ ಸರ್ವೆಯರುಗಳೂ ಕೂಡುವಾಗ ತಪ್ಪುತ್ತಿದ್ದರು. ಮೂಲದ ತಪ್ಪನ್ನು ತಿದ್ದಬೇಡಿ, ಪಕ್ಕದ ಕಾಲಮ್ಮಿನಲ್ಲಿ ಗುರುತು ಹಾಕಿ.

ಕೋಷ್ಟಕಕ್ಕೆ ನಾನು ಇಡುವ ಕಾಲಮ್ಮುಗಳು ಹೆಚ್ಚಿಲ್ಲ. ಪಟ್ಟಿಯ ನಂಬರು, ಹೊಲ, ಫರ್ಲಾಂಗು, ಹಿಡುವಳಿದಾರ, ವಿಸ್ತೀರ್ಣ, ದಾಖಲೆ ಸಂಖ್ಯೆ, ಪುಟ, ಟಿಪ್ಪಣಿ. ಫರ್ಲಾಂಗು ಎಂದರೆ ಇಲ್ಲಿ ಮೈಲಿಯ ಎಂಟನೇ ಒಂದು ಭಾಗವಲ್ಲ, ಒಂದೇ ದಿಕ್ಕಿಗೆ ಉಳುವ ಪಟ್ಟಿಗಳ ಗುಂಪು. ಹಿಡುವಳಿದಾರನ ಹೆಸರನ್ನು ಮೂಲದಲ್ಲಿದ್ದ ಕಾಗುಣಿತದಲ್ಲೇ ಒಂದು ಕಾಲಮ್ಮಿನಲ್ಲಿ, ಏಕರೂಪ ಮಾಡಿದ್ದನ್ನು ಇನ್ನೊಂದರಲ್ಲಿ ಇಡಬೇಕು. ಈ ಎರಡನ್ನು ಬೆರೆಸಿದರೆ ಅಪ್ಪ, ಮಗ, ದಾಯಾದಿ ಮೂವರೂ ಒಬ್ಬನೇ ಆಗಿಬಿಡುತ್ತಾರೆ.

ಕೋರ್ಟಿನ ಕಡತ

ಲ್ಯಾಕ್ಸ್‌ಟನ್ ಕೋರ್ಟ್ ಲೀಟ್ ಎಂಬ ಹಳ್ಳಿಯ ಕೋರ್ಟು ಹೇಗೆ ನಡೆಯುತ್ತದೆ ಎಂದು ಒಮ್ಮೆ ಕಣ್ಣಾರೆ ನೋಡಿದರೆ ಹಳೆಯ ಕಡತಗಳ ಅರ್ಧ ಗೋಜಲು ಬಿಡುತ್ತದೆ. ನವೆಂಬರ್ ಕೊನೆಗೆ, ಚಳಿಗಾಲದ ಗೋಧಿ ಬಿತ್ತಿ ಮೊಳೆತ ಮೇಲೆ, ಊರಿನವರೇ ಆದ ಜ್ಯೂರಿ ಆ ವರ್ಷ ಗೋಧಿಯಿರುವ ಹೊಲಕ್ಕೆ ಹೋಗುತ್ತದೆ. ಯಾರಾದರೂ ಪಕ್ಕದವನ ಪಟ್ಟಿಗೋ ದಾರಿಗೋ ಹುಲ್ಲಿನ ತಗ್ಗಿಗೋ ನೇಗಿಲು ದಾಟಿಸಿದ್ದಾರೆಯೇ ಎಂದು ನೋಡಿ, ಗಡಿಗೆ ಮರದ ಗೂಟ ಹೊಡೆಯುತ್ತದೆ. ಒತ್ತುವರಿ ಮಾಡಿದವನಿಗೆ ದಂಡ. ವಾರದ ನಂತರ ಊರಿನ ಡವ್‌ಕೋಟ್ ಪಬ್ಬಿನಲ್ಲಿ ಕೋರ್ಟು ಸೇರುತ್ತದೆ. ಮ್ಯಾನರಿನ ಒಡೆಯನ ಪರವಾಗಿ ಸ್ಟೀವರ್ಡ್ ನಡೆಸುತ್ತಾನೆ, ಬರಬೇಕಾದವರ ಹೆಸರು ಕೂಗುತ್ತಾರೆ, ಗೈರಾದವರಿಗೆ ಹೆಸರಿಗೆ ಮಾತ್ರ ಒಂದಿಷ್ಟು ಪೆನ್ಸ್ ದಂಡ, ಮುಂದಿನ ಜ್ಯೂರಿಯ ಪ್ರಮಾಣ. ಬೀಡಾಡಿ ದನ ಹಿಡಿದು ಕೊಂಡವಾಡಕ್ಕೆ ಹಾಕುವ ಪಿಂಡರ್‌ನ ಹುದ್ದೆಯೂ ಈ ಕೋರ್ಟಿನದೇ. ಇಂಥ ಕೋರ್ಟುಗಳ ಅಧಿಕಾರವನ್ನು 1977ರ ಕಾಯ್ದೆ ತೆಗೆದುಹಾಕಿದಾಗ ಲ್ಯಾಕ್ಸ್‌ಟನ್ನಿನ ಕೋರ್ಟು ತನ್ನ ಕೆಲಸ ಮುಂದುವರಿಸಲು ಅವಕಾಶ ಇಟ್ಟರು.

ಹುಲ್ಲಿನ ತಗ್ಗು ಎಂದೆನಲ್ಲ, ಅವನ್ನು ಅಲ್ಲಿ ಸೈಕ್ ಎನ್ನುತ್ತಾರೆ. ನೀರು ನಿಂತು ಉಳಲಾಗದ ಜಾಗಗಳು. ಅಲ್ಲಿಯ ಹುಲ್ಲನ್ನು ಹಕ್ಕುದಾರರ ನಡುವೆ ಹರಾಜು ಹಾಕುವ ರೂಢಿ. ಶತಮಾನಗಳಿಂದ ನೇಗಿಲು ಸೋಂಕದ ಕಾರಣ ಇವು ಈಗ ಸಂರಕ್ಷಿತ ಹುಲ್ಲುಗಾವಲು. ಚರಿತ್ರೆಕಾರನಿಗೆ ಇವುಗಳ ಬೆಲೆ ಬೇರೆಯೇ: ಪಟ್ಟಿಗಳ ಅಂಚು ಒಡೆದು ಕೂಡಿ ಬದಲಾಗಿದೆ, 1900ರ ಮೊದಲ ದಶಕದಲ್ಲಿ ಒಡೆಯರೇ ಪಟ್ಟಿಗಳನ್ನು ಒಟ್ಟುಗೂಡಿಸಿ ದೊಡ್ಡದು ಮಾಡಿದರು, ಆದರೆ ಸೈಕ್‌ಗಳು ಹೆಚ್ಚುಕಮ್ಮಿ ಇದ್ದಲ್ಲೇ ಇವೆ. ಹೊಲದ ಒಳಗೆ ಕಟ್ಟುಬಿಂದು ಬೇಕಾದಾಗ ನಾನು ನೋಡುವುದು ಸೈಕ್ ಕವಲೊಡೆಯುವ ಜಾಗವನ್ನು.

ಮೂರು ಹೊಲಗಳ ಸರದಿ ಒಂದು ಉಪಯುಕ್ತ ಸಾಧನ. ಒಂದು ವರ್ಷ ಚಳಿಗಾಲದ ಗೋಧಿ, ಮರುವರ್ಷ ವಸಂತದಲ್ಲಿ ಬಿತ್ತುವ ಬಾರ್ಲಿ, ಬಟಾಣಿ, ಬೀನ್ಸ್‌ನಂಥವು, ಮೂರನೇ ವರ್ಷ ಬೀಳು. ಈಗ ಬೀಳಿನ ಬದಲು ಮೇವಿನ ಹುಲ್ಲು. ಕೋರ್ಟಿನ ಕಡತದಲ್ಲಿ ಒಂದು ನವೆಂಬರಿನಲ್ಲಿ ಜ್ಯೂರಿ ಹೋದ ಹೊಲ ಯಾವುದೆಂದು ಗೊತ್ತಾದರೆ ಹಿಂದಿನ ಮುಂದಿನ ವರ್ಷಗಳನ್ನು ಮೂರರ ಶೇಷದಿಂದ ಲೆಕ್ಕ ಹಾಕಬಹುದು. ಆಮೇಲೆ ಸತ್ತವರ ಆಸ್ತಿಪಟ್ಟಿ ತೆಗೆಯಿರಿ. ಹದಿನಾರರಿಂದ ಹದಿನೆಂಟನೇ ಶತಮಾನದವರೆಗೆ ಉಯಿಲಿನ ಜೊತೆ ನೆರೆಯವರು ಮನೆ, ಹಟ್ಟಿ, ಹೊಲ ಸುತ್ತಿ ಬೆಲೆ ಕಟ್ಟಿದ ಪಟ್ಟಿ ಇರುತ್ತದೆ. ಅದರಲ್ಲಿ ಇಂಥ ಹೊಲದಲ್ಲಿ ನಿಂತ ಬೆಳೆ ಎಂದಿದ್ದರೆ ನಮ್ಮ ಲೆಕ್ಕಕ್ಕೆ ಕೂಡುತ್ತದೆಯೇ ನೋಡಬೇಕು. ಕೂಡದಿದ್ದರೆ ಮೂರು ಕಾರಣ ಸಾಧ್ಯ. ತಾರೀಖು ತಪ್ಪಾಗಿ ಓದಿದ್ದೀರಿ, ಸರದಿ ನಡುವೆ ಎಲ್ಲೋ ಮುರಿದಿದೆ, ಅಥವಾ ಆ ಬೆಳೆ ಬೇಲಿ ಹಾಕಿದ ಸ್ವಂತ ಹೊಲದ್ದು. 1635ರಲ್ಲೇ ಊರಿನ ಸಾಕಷ್ಟು ನೆಲಕ್ಕೆ ಬೇಲಿ ಬಿದ್ದಿತ್ತು ಎಂಬುದನ್ನು ಮರೆಯಬಾರದು. ಹೆಚ್ಚಾಗಿ ಮೊದಲನೆಯದೇ ನಿಜವಾಗಿರುತ್ತದೆ.

ಯಾಕೆಂದರೆ 1752ರವರೆಗೆ ಇಂಗ್ಲೆಂಡಿನ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1702ರ ಫೆಬ್ರವರಿ 10 ಎಂದು ಬರೆದಿದ್ದರೆ ನಮ್ಮ ಲೆಕ್ಕಕ್ಕೆ ಅದು 1703. ಕೋಷ್ಟಕದಲ್ಲಿ 1702/3 ಎಂದು ಎರಡನ್ನೂ ಬರೆಯುವುದು ರೂಢಿ. 1751ನೇ ವರ್ಷ ಮಾರ್ಚ್ 25ರಿಂದ ಡಿಸೆಂಬರ್ 31ಕ್ಕೇ ಮುಗಿಯಿತು. 1752ರ ಸೆಪ್ಟೆಂಬರ್ 2ರ ಮರುದಿನ 14. ಇನ್ನು ಕೋರ್ಟು ಕಡತಗಳು ರಾಜನ ಆಳ್ವಿಕೆಯ ವರ್ಷದಲ್ಲಿ, ಸಂತರ ಹಬ್ಬದ ಲೆಕ್ಕದಲ್ಲಿ ತಾರೀಖು ಹಾಕುತ್ತವೆ. ಆಳ್ವಿಕೆಯ ವರ್ಷ ರಾಜ ಪಟ್ಟಕ್ಕೆ ಬಂದ ದಿನದಿಂದ ಎಣಿಸಬೇಕು, ಜನವರಿಯಿಂದಲ್ಲ.

ಬರವಣಿಗೆ ಓದಲು ಕಲಿಯುವುದಕ್ಕೆ ಲ್ಯಾಟಿನ್‌ಗಿಂತ ಅಕ್ಷರವೇ ಹೆಚ್ಚು ತೊಡಕು. ಕೋರ್ಟು ಕಡತಗಳು 1733ರವರೆಗೆ ಲ್ಯಾಟಿನ್, ನಡುವೆ 1651ರಿಂದ 1660ರವರೆಗೆ ಮಾತ್ರ ಇಂಗ್ಲಿಷ್. ಆ ಹತ್ತು ವರ್ಷದ ಕಡತಗಳನ್ನು ಮೊದಲು ಓದಿ. ಅದೇ ವಾಕ್ಯಗಳು, ಅದೇ ದಂಡಗಳು ಹಿಂದೆ ಲ್ಯಾಟಿನ್‌ನಲ್ಲಿ ಬರುತ್ತವೆ, ಅರ್ಥ ತಾನಾಗಿ ಹೊಂದಿಕೊಳ್ಳುತ್ತದೆ. ನಾನು ಯಾರಿಗಾದರೂ ಒಂದೇ ಒಂದು ಸಲಹೆ ಕೊಡಬೇಕಾದರೆ ಇದನ್ನೇ ಕೊಡುತ್ತೇನೆ. ಅಂಕಿಗಳು ರೋಮನ್, ಕೊನೆಯ ಕಡ್ಡಿಗೆ ಬಾಲ ಇರುತ್ತದೆ. ನಾಲ್ಕು ಕಡ್ಡಿಯ ತಲೆಯ ಮೇಲೆ ಸಣ್ಣದಾಗಿ ಎರಡು ಎಕ್ಸ್ ಇದ್ದರೆ ಅದು ನಾಲ್ಕು ಇಪ್ಪತ್ತು, ಎಂಬತ್ತು. ಮೇಲಿನ ಎಕ್ಸ್‌ಗಳನ್ನು ಕಲೆ ಎಂದುಕೊಂಡರೆ ಎಂಬತ್ತು ಕುರಿಯಿದ್ದ ಶ್ರೀಮಂತ ನಾಲ್ಕು ಕುರಿಯ ಬಡವನಾಗುತ್ತಾನೆ. ಹಣದ ಲೆಕ್ಕ 12 ಪೆನ್ನಿಗೆ ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಪೌಂಡು. ಇದನ್ನೂ ಪೆನ್ನಿಗೆ ಇಳಿಸಿ ಇಡುವುದೇ ಸುರಕ್ಷಿತ.

ಮ್ಯಾನರ್ ಕಡತಗಳು ಎಲ್ಲಿವೆ ಎಂದು ತಿಳಿಯಲು ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರ ಒಂದು ಮ್ಯಾನರ್ ದಾಖಲೆಗಳ ಸೂಚಿ ಇಟ್ಟಿದೆ, ಊರಿನ ಹೆಸರಿನಿಂದ ಹುಡುಕಬಹುದು. ಲ್ಯಾಕ್ಸ್‌ಟನ್ನಿನ ಬಹುಪಾಲು ಕಾಗದಗಳು ಊರಿನ ಒಡೆಯರಾಗಿದ್ದ ಅರ್ಲ್ ಮ್ಯಾನ್ವರ್ಸ್ ಮನೆತನದ ಸಂಗ್ರಹದ ಜೊತೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗ ಸೇರಿವೆ. ಚರ್ಚಿನ ದಫ್ತರಗಳಿಗೆ ನಾಟಿಂಗ್‌ಹ್ಯಾಮ್‌ಶೈರ್ ಪತ್ರಾಗಾರ. ಮ್ಯಾನ್ವರ್ಸ್ ಮನೆತನ 1952ರಲ್ಲಿ ಊರನ್ನು ಕೃಷಿ ಸಚಿವಾಲಯಕ್ಕೆ ಮಾರಿತು, 1981ರಲ್ಲಿ ಅದು ಕ್ರೌನ್ ಎಸ್ಟೇಟ್‌ಗೆ ಹೋಯಿತು, 2020ರಲ್ಲಿ ಥಾರ್ಸ್‌ಬಿ ಎಸ್ಟೇಟ್‌ಗೆ. ಕೈ ಬದಲಾದಂತೆಲ್ಲ ಕಾಗದಗಳೂ ಬೇರೆ ಬೇರೆ ಕಪಾಟು ಸೇರುತ್ತವೆ. ಇಪ್ಪತ್ತನೇ ಶತಮಾನದ ಗುತ್ತಿಗೆ ಪತ್ರಗಳನ್ನು ಹುಡುಕುವಾಗ ಆ ವರ್ಷದ ಒಡೆಯ ಯಾರೆಂದು ಮೊದಲು ನೋಡಿಕೊಳ್ಳಿ.

ಪತ್ರಾಗಾರಕ್ಕೆ ಹೋಗುವಾಗ ಪೆನ್ಸಿಲ್ ಮಾತ್ರ, ಪೆನ್ನಿಗೆ ಪ್ರವೇಶವಿಲ್ಲ. ಕಡತ ಮುಂಚಿತವಾಗಿ ಕಾಯ್ದಿರಿಸಬೇಕು. ಫೋಟೋಗೆ ಕೆಲವೆಡೆ ದಿನದ ಶುಲ್ಕ. ಪ್ರತಿ ಕಟ್ಟಿನ ಮೊದಲ ಫೋಟೋ ದಾಖಲೆ ಸಂಖ್ಯೆಯ ಚೀಟಿಯದ್ದಾಗಿರಲಿ, ಎರಡನೆಯದು ಅಳತೆಪಟ್ಟಿ ಇಟ್ಟ ಇಡೀ ಪುಟದ್ದು, ಆಮೇಲೆ ಹತ್ತಿರದವು. ಮನೆಗೆ ಬಂದ ಸಂಜೆಯೇ ಕಡತಗಳಿಗೆ ಹೆಸರು ಕೊಡದಿದ್ದರೆ ನಂಬರಿಲ್ಲದ ನೂರು ಚಿತ್ರಗಳು ಯಾವ ಕೆಲಸಕ್ಕೂ ಬಾರವು.

ಜನರ ಲೆಕ್ಕ

ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳ ದಫ್ತರ ಇಡಬೇಕೆಂಬ ಆಜ್ಞೆ 1538ರದ್ದು. ಆರಂಭದ ಪುಟಗಳು ಬಹಳ ಕಡೆ ಉಳಿದಿಲ್ಲ. 1598ರ ಸುಮಾರಿಗೆ ಚರ್ಮದ ಪುಸ್ತಕಕ್ಕೆ ನಕಲು ಮಾಡುವಾಗ ಎಷ್ಟೋ ಬಿಟ್ಟುಹೋದವು. ಅದೇ ಕಾಲದಿಂದ ಬಿಷಪ್‌ಗೆ ವರ್ಷವರ್ಷ ಕಳಿಸುತ್ತಿದ್ದ ನಕಲು ಇನ್ನೊಂದು ಸಾಕ್ಷಿ. ಎರಡೂ ಒಂದೇ ಎಂದು ಭಾವಿಸದೆ ಹೋಲಿಸಿ ನೋಡಿದರೆ ಒಂದರಲ್ಲಿಲ್ಲದ ಹೆಸರು ಇನ್ನೊಂದರಲ್ಲಿ ಸಿಗುತ್ತದೆ. 1640ರ ದಶಕದ ಅಂತರ್ಯುದ್ಧದಿಂದ 1660ರವರೆಗೆ ಬಹಳ ಕಡೆ ಖಾಲಿ ಖಾಲಿ. ಊರು ಬರಿದಾಯಿತೆಂದಲ್ಲ, ಬರೆಯುವವರಿರಲಿಲ್ಲ. 1754ರಿಂದ ಮದುವೆ ದಫ್ತರದಲ್ಲಿ ವಧೂವರರ ಸಹಿಯೋ ಗೀಟೋ ಇರುತ್ತದೆ, ಓದುಬರಹದ ಅಂದಾಜಿಗೆ ಇದಕ್ಕಿಂತ ಒಳ್ಳೆಯ ಆಕರವಿಲ್ಲ. 1813ರಿಂದ ಅಚ್ಚಾದ ನಮೂನೆ, ಅದರಲ್ಲಿ ಜ್ಞಾನಸ್ನಾನದ ಕೆಳಗೆ ತಂದೆಯ ಕಸುಬು.

ಜನಗಣತಿಯಲ್ಲಿ 1841ರದ್ದನ್ನು ಎಚ್ಚರದಿಂದ ಬಳಸಿ. ಹದಿನೈದು ದಾಟಿದವರ ವಯಸ್ಸನ್ನು ಐದರ ಕೆಳಗಿನ ಗುಣಕಕ್ಕೆ ಇಳಿಸಿದ್ದಾರೆ: 34 ವರ್ಷದವನು 30. ಹುಟ್ಟಿದ ಊರಿನ ಬದಲು ಅದೇ ಜಿಲ್ಲೆಯೇ ಅಲ್ಲವೇ ಎಂದಷ್ಟೇ ಇದೆ. 1851ರಿಂದ ಊರಿನ ಹೆಸರಿದೆ. 1931ರ ಗಣತಿ 1942ರಲ್ಲಿ ಬೆಂಕಿಗೆ ಹೋಯಿತು, 1941ರಲ್ಲಿ ಗಣತಿಯೇ ಇಲ್ಲ. ಹಾಗಾಗಿ 1921ರ ನಂತರ ಆಧಾರ 1939ರ ಸೆಪ್ಟೆಂಬರ್ 29ರ ನೋಂದಣಿ. ಗಣತಿಯ ಸಾಲುಗಳು ಮನೆಗಳ ಸಾಲೇ ಎಂದು ನಂಬಿ ನಕ್ಷೆಯ ಮೇಲೆ ಇಳಿಸಬೇಡಿ, ಎಣಿಸುವವನು ಬೀದಿ ದಾಟಿ ದಾಟಿ ಹೋಗಿರುತ್ತಾನೆ. ಮನೆಗೆ ಮನೆ ಹೊಂದಿಸಲು 1910ರ ಕಾಯ್ದೆಯಡಿ ಮಾಡಿದ ಭೂಮೌಲ್ಯ ಸರ್ವೆ ಉತ್ತಮ. ನಂಬರು ಹಾಕಿದ ನಕ್ಷೆಯೂ ಮನೆಯ ವಿವರ ಬರೆದ ಪುಸ್ತಕವೂ ಕ್ಯೂನಲ್ಲಿದೆ. ಎರಡನೇ ಮಹಾಯುದ್ಧದ ನಡುವೆ 1941–43ರಲ್ಲಿ ಮಾಡಿದ ರೈತರ ಸರ್ವೆಯಲ್ಲಿ ಬೆಳೆ, ದನ, ಟ್ರ್ಯಾಕ್ಟರು, ನೀರು, ವಿದ್ಯುತ್ತಿನ ಜೊತೆಗೆ ಆ ರೈತ ಎಷ್ಟು ಸಮರ್ಥ ಎಂಬ ಅಧಿಕಾರಿಯ ದರ್ಜೆಯೂ ಇದೆ. ಆ ದರ್ಜೆಯನ್ನು ಪ್ರಕಟಿಸುವ ಮುಂಚೆ ಊರಿನಲ್ಲಿ ಮೊಮ್ಮಕ್ಕಳಿದ್ದಾರೆಯೇ ನೋಡುವುದು ಸೌಜನ್ಯ.

ಹೊಲದಲ್ಲಿ ನಡೆದು ಮಡಕೆ ಚೂರು ಆರಿಸುವ ಕೆಲಸಕ್ಕೆ ಒಡೆಯ ಮತ್ತು ಸಾಗುವಳಿದಾರ ಇಬ್ಬರ ಅನುಮತಿಯೂ ಬೇಕು, ಕಾಲುದಾರಿಯ ಹಕ್ಕು ಕಾಲುದಾರಿಗಷ್ಟೇ. ಉತ್ತು, ಒಂದೆರಡು ಮಳೆ ಬಿದ್ದು ಮಣ್ಣು ತೊಳೆದ ಮೇಲೆ ಹೋಗಬೇಕು. ಹತ್ತು ಮೀಟರಿಗೊಂದು ಸಾಲು, ಇಪ್ಪತ್ತು ಮೀಟರಿಗೊಂದು ಚೀಲ, ಚೀಲದ ಮೇಲೆ ಗ್ರಿಡ್ ಸಂಖ್ಯೆ. ತೆಳುವಾಗಿ ಎಲ್ಲೆಡೆ ಹರಡಿದ ಮಧ್ಯಯುಗದ ಚೂರು ಕಂಡು ಇಲ್ಲಿ ಮನೆಯಿತ್ತು ಎಂದು ಬರೆಯುವವರೇ ಹೆಚ್ಚು. ಅವು ತಿಪ್ಪೆಗೊಬ್ಬರದ ಜೊತೆ ಹೊಲಕ್ಕೆ ಬಂದವು. ಮನೆಯ ಸೂಚನೆಯೆಂದರೆ ಚೂರು ಒತ್ತಾಗಿ ಒಂದೆಡೆ ಕೂಡಿರಬೇಕು, ಜೊತೆಗೆ ಸುಟ್ಟ ಜೇಡಿ, ಕಲ್ಲು, ಎಲುಬು ಇರಬೇಕು. ಚಿನ್ನ ಬೆಳ್ಳಿಯಂಥದ್ದೇನಾದರೂ ಸಿಕ್ಕರೆ 1996ರ ನಿಧಿ ಕಾಯ್ದೆಯಂತೆ ಹದಿನಾಲ್ಕು ದಿನದೊಳಗೆ ತಿಳಿಸಬೇಕು.

ಇಷ್ಟೆಲ್ಲ ನೆಲದ ಮೇಲೆ ಕೂತ ಮೇಲೆ ಪ್ರಭುಗಳು. ಡೂಮ್ಸ್‌ಡೇಯಲ್ಲಿ ಊರು ಹಿಂದೆ ಟೋಕಿ ಎಂಬವನದ್ದಾಗಿತ್ತು, 1086ರಲ್ಲಿ ಜೆಫ್ರಿ ಆಲ್ಸೆಲಿನ್‌ನದ್ದು, ಅವನ ಕೈಕೆಳಗೆ ವಾಲ್ಟರ್. ಅಲ್ಲಿ ಎಣಿಸಿರುವುದು ಮನೆಯ ಯಜಮಾನರನ್ನು, ಜನಸಂಖ್ಯೆಯನ್ನಲ್ಲ. ನಂತರ ಕೋಟೆಯ ಕಾಲದಲ್ಲಿ ಶೆರ್‌ವುಡ್ ಅರಣ್ಯದ ಕಾವಲಿನ ಹಕ್ಕಿದ್ದ ಕಾಜ್ ಮನೆತನ, ಆಮೇಲೆ ಎವರಿಂಗ್‌ಹ್ಯಾಮ್‌ಗಳು. ಸಂತ ಮೈಕೇಲನ ಚರ್ಚಿನಲ್ಲಿ ಇವರ ಮಲಗಿದ ಪ್ರತಿಮೆಗಳಿವೆ, ಅದರಲ್ಲೊಂದು ಓಕ್ ಮರದ ಹೆಣ್ಣು ಪ್ರತಿಮೆ. ಚರ್ಚನ್ನು 1859–60ರಲ್ಲಿ ದುರಸ್ತಿ ಮಾಡಿದಾಗ ಮೊಟಕುಗೊಳಿಸಿದ್ದಾರೆ, ಆದ್ದರಿಂದ ಈಗ ಪ್ರತಿಮೆಗಳಿರುವ ಜಾಗವನ್ನು ಅವುಗಳ ಮೂಲ ಜಾಗವೆಂದು ಓದಬೇಡಿ.

ಪ್ರಕಟಿಸುವ ಮುನ್ನ ಹಕ್ಕುಸ್ವಾಮ್ಯದ ಒಂದು ವಿಚಿತ್ರ ನಿಯಮ ಗಮನಿಸಿ. ಬ್ರಿಟನ್ನಿನಲ್ಲಿ ಎಷ್ಟೇ ಹಳೆಯದಾದರೂ ಅಚ್ಚಾಗದೆ ಉಳಿದ ಬಹಳಷ್ಟು ಹಸ್ತಪ್ರತಿಗಳ ಹಕ್ಕು 2039ರ ಕೊನೆಯವರೆಗೆ ಇರುತ್ತದೆ. ಆರ್ಡ್‌ನೆನ್ಸ್ ಸರ್ವೆ ನಕ್ಷೆಗಳ ಹಕ್ಕು ಅಚ್ಚಾಗಿ ಐವತ್ತು ವರ್ಷಕ್ಕೇ ಮುಗಿಯುತ್ತದೆ. ಅದಕ್ಕೇ ಹಳೆಯ ನಕ್ಷೆಯ ಚಿತ್ರ ಹಾಕುವ ಬದಲು, ಅದರಿಂದ ನಾನೇ ಬಿಡಿಸಿದ ಪಟ್ಟಿಗಳ ನಕ್ಷೆಯನ್ನು 25 ಇಂಚಿನ ಹಾಳೆಯ ಮೇಲೆ ಹಾಕುತ್ತೇನೆ; ಮೂಲದ ಚಿತ್ರವೇ ಬೇಕೆಂದರೆ ಅದನ್ನಿಟ್ಟಿರುವ ಸಂಸ್ಥೆಗೆ ಬರೆದು ಒಪ್ಪಿಗೆ ಪಡೆಯುತ್ತೇನೆ. ಕೋಷ್ಟಕವನ್ನು ಸಿಎಸ್‌ವಿ ರೂಪದಲ್ಲೂ ಇಟ್ಟು, ಒಂದು ಪ್ರತಿ ಜಿಲ್ಲಾ ಪತ್ರಾಗಾರಕ್ಕೆ, ಒಂದು ಊರಿನವರಿಗೆ. ಊರಿನವರಿಗೆ ಕೊಡುವ ಪ್ರತಿಯಲ್ಲಿ ಹೊಲದ ನಂಬರಿನ ಮುಂದೆ ಒಂದು ಖಾಲಿ ಕಾಲಮ್ಮು ಬಿಟ್ಟಿರುತ್ತೇನೆ, ಈಗ ಆ ಪಟ್ಟಿಯನ್ನು ಅವರು ಏನೆಂದು ಕರೆಯುತ್ತಾರೋ ಅದನ್ನು ತುಂಬಿ ಕಳಿಸಲು.